ಕಾತ್ರಜದ ಆನೆ, ಕ್ಯಾನ್ಸರಿನ ವಿಳಾಸ

ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯಿಂದ ರಾತ್ರಿಯಿಡೀ ಓಡಿಬಂದ ಬಸ್ಸುಗಳು ಕಾತ್ರಜದ ಸುರಂಗ ದಾಟಿದವೆಂದರೆ ಪುಣೆ ಬಂತೆಂದೇ ಲೆಕ್ಕ. ಬೆಳಗಿನ ಜಾವ ಕಾತ್ರಜ ಚೌಕದಲ್ಲಿ ನಿಂತವರು ಕನ್ನಡ ಕೇಳಲು ಬಹಳ ಹೊತ್ತು ಕಾಯಬೇಕಿಲ್ಲ. ನೌಕರಿಗೆ ಮರಳುವ ಹುಡುಗರು, ಮಗಳ ಬಾಣಂತನಕ್ಕೆ ಬಂದ ತಾಯಂದಿರು, ರೊಟ್ಟಿ-ಶೇಂಗಾ ಚಟ್ನಿಯ ಗಂಟು. ನಡುವೆ ಜವಳಿ ಅಂಗಡಿಯ ಚೀಲದಲ್ಲಿ ಆಸ್ಪತ್ರೆಯ ಫೈಲು ತಂದವರೂ ಇರುತ್ತಾರೆ. ಅವರ ಗುರುತು ಹಿಡಿಯುವುದು ಸುಲಭ. ಉಳಿದ ಸಾಮಾನೆಲ್ಲ ನೆಲದ ಮೇಲಿರುತ್ತದೆ, ಆ ಚೀಲ ಮಾತ್ರ ಎದೆಗವಚಿಕೊಂಡಿರುತ್ತಾರೆ.

ಹಾಗೆ ಚೀಲ ಅವಚಿಕೊಂಡಿದ್ದ ಅಥಣಿ ಕಡೆಯ ಹಿರಿಯರೊಬ್ಬರು ಒಂದು ಬೆಳಿಗ್ಗೆ ನನ್ನನ್ನು ತಡೆದು ಆಸ್ಪತ್ರೆಯ ದಾರಿ ಕೇಳಿದರು. ತಮ್ಮನಿಗೆ ಗಂಟಲ ಕ್ಯಾನ್ಸರ್. ರಿಕ್ಷಾಕ್ಕೆ ಕಾಯುವಾಗ ಮೊಬೈಲು ತೆಗೆದು, ಯಾರೋ ಕಳಿಸಿದ್ದ ವಿಡಿಯೊ ತೋರಿಸಿದರು. “ನೋಡ್ರಿ ಸರ, ಜೀನ್ ಬದಲಿ ಮಾಡಿ ಒಂದ ಇಂಜೆಕ್ಷನ್ ಕೊಟ್ರ ಕ್ಯಾನ್ಸರ್ ಕಣ ಅಷ್ಟ ಹುಡುಕಿ ಕೊಲ್ಲತೈತಂತ. ಛಲೋ ಕಣಕ್ಕ ಏನೂ ಆಗಂಗಿಲ್ಲಂತ. ಖರೇ ಏನ್ರಿ?”

“ಅರ್ಧ ಖರೆ ಐತ್ರಿ” ಅಂದೆ. ಅಷ್ಟರಲ್ಲಿ ರಿಕ್ಷಾ ಬಂತು. ಉಳಿದರ್ಧ ನನ್ನ ಬಾಯಲ್ಲೇ ಉಳಿಯಿತು.

ಆ ಉಳಿದರ್ಧಕ್ಕೆ ಆನೆಯಿಂದ ಶುರುಮಾಡುವುದು ಒಳ್ಳೆಯದು. ಚೌಕದಿಂದ ಸ್ವಲ್ಪ ದೂರದಲ್ಲೇ ರಾಜೀವ್ ಗಾಂಧಿ ಪ್ರಾಣಿಸಂಗ್ರಹಾಲಯವಿದೆ. ರಜೆಯ ದಿನ ಆನೆಯ ಆವರಣದ ಮುಂದೆ ಮಕ್ಕಳ ಜಾತ್ರೆ. ಸೊಂಡಿಲಿನಿಂದ ಮಣ್ಣೆತ್ತಿ ಬೆನ್ನಿಗೆ ಎರಚಿಕೊಳ್ಳುವ ಆ ಮೈಯಲ್ಲಿ ನಮ್ಮ ಮೈಯಲ್ಲಿರುವುದಕ್ಕಿಂತ ಸುಮಾರು ನೂರು ಪಟ್ಟು ಹೆಚ್ಚು ಜೀವಕೋಶಗಳಿವೆ. ಕ್ಯಾನ್ಸರ್ ಎಂದರೆ ಕೋಶ ಒಡೆದು ಎರಡಾಗುವಾಗ ಆಗುವ ತಪ್ಪುಗಳ ಮೊತ್ತ. ಹಾಗಾದರೆ ಕೋಶ ಹೆಚ್ಚಿದಷ್ಟೂ ತಪ್ಪು ಹೆಚ್ಚಬೇಕು, ಆನೆಗಳೆಲ್ಲ ಕ್ಯಾನ್ಸರಿನಲ್ಲೇ ಸಾಯಬೇಕು. ಆದರೆ 2015ರಲ್ಲಿ ಅಮೆರಿಕದ ಯೂಟಾದ ಮಕ್ಕಳ ಕ್ಯಾನ್ಸರ್ ತಜ್ಞ ಜೋಶುವಾ ಶಿಫ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕದಂತೆ ಕ್ಯಾನ್ಸರಿನಿಂದ ಸಾಯುವ ಆನೆಗಳು ನೂರಕ್ಕೆ ಐದೂ ಇಲ್ಲ. ಮನುಷ್ಯರಲ್ಲಿ ಆ ಪ್ರಮಾಣ 11ರಿಂದ 25.

ಗುಟ್ಟು ಪಿ53 ಎಂಬ ಜೀನಿನಲ್ಲಿದೆ. ಕೋಶದೊಳಗಿನ ಡಿಎನ್‌ಎ ಕೆಟ್ಟರೆ ಅದನ್ನು ದುರಸ್ತಿ ಮಾಡಿಸುವುದು, ದುರಸ್ತಿಯಾಗದಷ್ಟು ಕೆಟ್ಟಿದ್ದರೆ ಕೋಶಕ್ಕೆ ಆತ್ಮಹತ್ಯೆಯ ಆಜ್ಞೆ ಕೊಡುವುದು ಅದರ ಕೆಲಸ. ನಮಗೆ ಇದರದ್ದು ಒಂದೇ ಜೋಡಿ, ಒಂದು ತಾಯಿಯದು, ಒಂದು ತಂದೆಯದು. ಆನೆಗೆ 20 ಜೋಡಿ. ಆನೆಯ ರಕ್ತದ ಕೋಶಗಳಿಗೆ ವಿಕಿರಣ ತಾಗಿಸಿ ಡಿಎನ್‌ಎ ಕೆಡಿಸಿದಾಗ ಅವು ಮನುಷ್ಯನ ಕೋಶಗಳ ಎರಡರಷ್ಟು ಪ್ರಮಾಣದಲ್ಲಿ ತಾವಾಗಿ ಸತ್ತವು. ಕೆಟ್ಟದ್ದನ್ನು ಉಳಿಸಿಕೊಂಡು ಗೋಳಾಡುವ ಸ್ವಭಾವ ಆನೆಯದಲ್ಲ. ಮನುಷ್ಯರ ಕ್ಯಾನ್ಸರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಇದೇ ಪಿ53 ಕೆಟ್ಟಿರುತ್ತದೆ.

ಹಾಗಾದರೆ ಕೆಟ್ಟ ಕೋಶಕ್ಕೆ ಒಳ್ಳೆಯ ಪಿ53 ತುಂಬಿದರಾಯಿತಲ್ಲ? ಚೀನಾ ಅದನ್ನೇ ಮಾಡಿತು. ನೆಗಡಿ ತರುವ ಅಡಿನೊವೈರಸ್ಸಿನ ಹಲ್ಲು ಕಿತ್ತು, ಅದರ ಹೊಟ್ಟೆಯಲ್ಲಿ ಪಿ53 ಜೀನಿಟ್ಟು, ತಲೆ-ಕುತ್ತಿಗೆಯ ಗಡ್ಡೆಗಳಿಗೆ ಚುಚ್ಚುವ ‘ಜೆಂಡಿಸಿನ್’ ಎಂಬ ಔಷಧಕ್ಕೆ 2003ರಲ್ಲಿ ಪರವಾನಗಿ ಕೊಟ್ಟಿತು. ಸರ್ಕಾರವೊಂದು ಒಪ್ಪಿ ಮಾರಾಟಕ್ಕೆ ಬಿಟ್ಟ ಜಗತ್ತಿನ ಮೊದಲ ಜೀನ್ ಚಿಕಿತ್ಸೆ ಇದೇ. ಅಥಣಿಯವರ ತಮ್ಮನ ಕಾಯಿಲೆಗೆ ತೀರಾ ಹತ್ತಿರದ್ದು ಕೂಡ. ಆದರೂ ಅಮೆರಿಕ, ಯೂರೋಪುಗಳು ಅದಕ್ಕೆ ಪರವಾನಗಿ ಕೊಟ್ಟಿಲ್ಲ. ಇಪ್ಪತ್ತು ವರ್ಷ ದಾಟಿದರೂ ಅದು ಲೋಕದ ಮದ್ದಾಗಲಿಲ್ಲ.

ಏಕೆ ಎಂಬುದಕ್ಕೆ ಕಾತ್ರಜದಲ್ಲೇ ಒಂದು ಹಳೆಯ ಸಾಕ್ಷಿಯಿದೆ. 18ನೇ ಶತಮಾನದ ನಡುವಿನಲ್ಲಿ ನಾನಾಸಾಹೇಬ ಪೇಶ್ವೆ ಇಲ್ಲಿಯ ಕೆರೆಯ ನೀರನ್ನು ಶನಿವಾರವಾಡೆಗೂ ಊರೊಳಗಿನ ಕಾಳಾ ಹೌದ, ಬದಾಮಿ ಹೌದದಂಥ ತೊಟ್ಟಿಗಳಿಗೂ ಒಯ್ದ. ಪಂಪಿಲ್ಲ, ಯಂತ್ರವಿಲ್ಲ, ನೆಲದೊಳಗೆ ಕಲ್ಲು-ಗಾರೆಯ ಕಾಲುವೆ, ಇಳಿಜಾರಿನ ಲೆಕ್ಕ, ನಡುನಡುವೆ ಗಾಳಿಯಾಡಲು ‘ಉಚ್ಛ್ವಾಸ’ ಎಂದು ಕರೆಯುವ ಗೂಡುಗಳು. ನೀರು ಕಾತ್ರಜದಲ್ಲಿ ಮೊದಲೇ ಇತ್ತು. ದಾರಿಯಲ್ಲಿ ಸೋರದಂತೆ, ಬೇರೆ ಕಡೆ ಹರಿಯದಂತೆ, ಬೇಕಾದ ತೊಟ್ಟಿಗೇ ಮುಟ್ಟಿಸುವುದೇ ಪೇಶ್ವೆಯ ಎಂಜಿನಿಯರುಗಳ ಸಾಹಸ. ಜೀನ್ ಚಿಕಿತ್ಸೆಯ ಕಥೆಯೂ ಇಷ್ಟೇ. ಜೀನು ಕೈಯಲ್ಲಿದೆ, ಕಾಲುವೆ ಸರಿಯಿಲ್ಲ. ಗಡ್ಡೆಗೆ ಚುಚ್ಚಿದ ವೈರಸ್ಸು ಸೂಜಿ ಮುಟ್ಟಿದ ಜಾಗದ ಸುತ್ತ ಕೆಲವು ಕೋಶಗಳಿಗೆ ಹೊಕ್ಕೀತು. ಯಕೃತ್ತಿಗೋ ಎಲುಬಿಗೋ ಹರಡಿಕೊಂಡ ಕೋಶಕ್ಕೆ ಅದು ಮುಟ್ಟುವುದಿಲ್ಲ. ರಕ್ತಕ್ಕೆ ಬಿಟ್ಟರೆ ಬಹುಪಾಲು ಯಕೃತ್ತಿನಲ್ಲೇ ಸಿಕ್ಕಿಕೊಳ್ಳುತ್ತದೆ, ಮೈಯ ರೋಗನಿರೋಧಕ ವ್ಯವಸ್ಥೆಯೂ ಸುಮ್ಮನೆ ಕೂರುವುದಿಲ್ಲ. 1999ರಲ್ಲಿ ಅಮೆರಿಕದ 18ರ ತರುಣ ಜೆಸ್ಸಿ ಗೆಲ್ಸಿಂಗರ್ ಬೇರೊಂದು ಕಾಯಿಲೆಗಾಗಿ ಇಂಥದೇ ಅಡಿನೊವೈರಸ್ ತೆಗೆದುಕೊಂಡು ನಾಲ್ಕು ದಿನಕ್ಕೆ ತೀರಿಕೊಂಡ. ಇಡೀ ಕ್ಷೇತ್ರ ವರ್ಷಗಟ್ಟಲೆ ತಲೆತಗ್ಗಿಸಿ ಕೂತಿತು.

ಕಾಲುವೆ ಎಲ್ಲರ ಮನೆಗೂ ಹರಿದರೂ ನಲ್ಲಿ ಬೇಕಾದ ಮನೆಯಲ್ಲಷ್ಟೇ ತಿರುಗುವಂತೆ ಮಾಡಬಹುದೇ ಎಂದು ಯೋಚಿಸಿದವರೂ ಇದ್ದಾರೆ. ಪ್ರತಿ ಜೀನಿನ ಹಿಂದೆ ಅದನ್ನು ಹೊತ್ತಿಸುವ ಒಂದು ಸ್ವಿಚ್ಚಿರುತ್ತದೆ. ಟೆಲೊಮರೇಸ್ ಎಂಬ ಕಿಣ್ವದ ಸ್ವಿಚ್ಚು ದೊಡ್ಡವರ ಮೈಯ ಬಹುತೇಕ ಕೋಶಗಳಲ್ಲಿ ಆರಿರುತ್ತದೆ, ಆದರೆ ನೂರಕ್ಕೆ 85-90 ಕ್ಯಾನ್ಸರುಗಳಲ್ಲಿ ಉರಿಯುತ್ತಿರುತ್ತದೆ. ಕೊಲ್ಲುವ ಜೀನನ್ನು ಆ ಸ್ವಿಚ್ಚಿಗೆ ಜೋಡಿಸಿ ಎಲ್ಲ ಕೋಶಗಳಿಗೂ ಕಳಿಸಿದರೆ, ಹೊತ್ತಿಕೊಳ್ಳುವುದು ಬಹುಮಟ್ಟಿಗೆ ಕ್ಯಾನ್ಸರಿನೊಳಗೆ ಮಾತ್ರ. ಹರ್ಪಿಸ್ ವೈರಸ್ಸಿನ ಒಂದು ಜೀನು ಇದಕ್ಕೆ ಹೇಳಿಮಾಡಿಸಿದ್ದು. ಅದು ಹೊಕ್ಕ ಕೋಶಕ್ಕೆ ಗ್ಯಾನ್‌ಸೈಕ್ಲೊವಿರ್ ಎಂಬ ಔಷಧ ವಿಷವಾಗುತ್ತದೆ, ಉಳಿದ ಕೋಶಗಳಿಗೆ ಹೆಚ್ಚೇನೂ ಮಾಡುವುದಿಲ್ಲ. ಕ್ಯಾನ್ಸರ್ ಕೋಶದೊಳಗಷ್ಟೇ ಸಂತಾನ ಬೆಳೆಸಿ ಅದನ್ನು ಒಡೆದು ಹೊರಬರುವ ವೈರಸ್ಸುಗಳೂ ಬಂದಿವೆ. 2015ರಲ್ಲಿ ಅಮೆರಿಕ ಒಪ್ಪಿದ ಚರ್ಮದ ಕ್ಯಾನ್ಸರಿನ ಟಿ-ವೆಕ್ ಅಂಥದು. ಕಾಗದದ ಮೇಲೆ ಎಷ್ಟು ಚಂದ! ಆದರೆ ಈ ವೈರಸ್ಸುಗಳಲ್ಲಿ ಹೆಚ್ಚಿನವು ಸೂಜಿ ಮುಟ್ಟಿದ ಗಡ್ಡೆಯಾಚೆ ದೊಡ್ಡ ಪರಾಕ್ರಮ ತೋರಿಲ್ಲ.

ನಿಜವಾದ ತಿರುವು ಬಂದದ್ದು ಕಾಲುವೆಯ ಹಂಬಲ ಬಿಟ್ಟು ಕೋಶವನ್ನೇ ಹೊರಗೆ ತಂದಾಗ.

ಪುಣೆಯಲ್ಲಿರುವವರಿಗೆ ‘ಪುಣೇರಿ ಪಾಟಿ’ಗಳ ಪರಿಚಯ ಮಾಡಿಸಬೇಕಿಲ್ಲ. ನಮ್ಮಲ್ಲಿ ಪಾಟಿ ಎಂದರೆ ಮಕ್ಕಳ ಸ್ಲೇಟು, ಇಲ್ಲಿ ಬಾಗಿಲಿಗೆ ತೂಗುಹಾಕಿದ ಫಲಕ. ಬೆಲ್ ಎಷ್ಟು ಸಲ ಒತ್ತಬೇಕು, ಎಷ್ಟು ಹೊತ್ತಿಗೆ ಬರಬಾರದು ಎಲ್ಲ ಖಡಕ್ಕಾಗಿ ಬರೆದಿರುತ್ತದೆ. ಮೈಯ ಪ್ರತಿ ಕೋಶವೂ ಹೊರಗೋಡೆಯ ಮೇಲೆ ಇಂಥ ನೂರಾರು ಪಾಟಿ ತೂಗುಹಾಕಿಕೊಂಡಿರುತ್ತದೆ. ರಕ್ತದಲ್ಲಿ ಗಸ್ತು ತಿರುಗುವ ಟಿ ಕೋಶಗಳು ಅವನ್ನು ಓದುತ್ತ ಸಾಗುತ್ತವೆ, ಅಪರಿಚಿತ ಪಾಟಿ ಕಂಡರೆ ಬಾಗಿಲು ಮುರಿದು ಕೊಲ್ಲುತ್ತವೆ. ಕ್ಯಾನ್ಸರ್ ಕೋಶದ ಕಪಟವೆಂದರೆ ಅದು ಹೊರಗಿನದಲ್ಲ, ಮನೆಯದೇ. ಪಾಟಿಯೂ ಮನೆಯದೇ.

1989ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೆಲಿಗ್ ಎಶ್ಹಾರ್ ಮತ್ತು ಸಹೋದ್ಯೋಗಿಗಳು ಒಂದು ಕಸಿ ಮಾಡಿ ತೋರಿಸಿದರು. ಪಾಟಿ ಓದುವುದರಲ್ಲಿ ಪ್ರತಿಕಾಯ ನಿಸ್ಸೀಮ, ಕೊಲ್ಲುವುದರಲ್ಲಿ ಟಿ ಕೋಶ ನಿಸ್ಸೀಮ. ಅದರ ಕಣ್ಣನ್ನು ಇದರ ಕೈಗೆ ಜೋಡಿಸುವ ಜೀನು ಬರೆದು ಟಿ ಕೋಶಕ್ಕೆ ತುಂಬಿದರೆ, ನಾವು ಹೇಳಿದ ಪಾಟಿಯನ್ನೇ ಅದು ಹುಡುಕುತ್ತದೆ. ಇದೇ ಇಂದು ಕಾರ್-ಟಿ ಎಂದು ಹೆಸರಾದ ಚಿಕಿತ್ಸೆಯ ಬೀಜ. ಮನುಷ್ಯರ ಮೇಲೆ ಅದು ಫಲ ಕೊಟ್ಟದ್ದು ಇಪ್ಪತ್ತು ವರ್ಷ ಕಳೆದು, ಪೆನ್ಸಿಲ್ವೇನಿಯಾದಲ್ಲಿ, ಕಾರ್ಲ್ ಜೂನ್ ತಂಡದ ಕೈಯಲ್ಲಿ. 2012ರಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಆರರ ಹುಡುಗಿ, ಎಲ್ಲ ಕೀಮೋ ಸೋತ ಮೇಲೆ, ಈ ಕೋಶಗಳನ್ನು ಪಡೆದಳು. ಕೋಶಗಳು ಎಂಥ ಯುದ್ಧ ಹೂಡಿದವೆಂದರೆ ಮಗು ವೆಂಟಿಲೇಟರ್ ಸೇರಿತು. ರಕ್ತದಲ್ಲಿ ಐಎಲ್-6 ಎಂಬ ಉರಿಯೂತದ ವಸ್ತು ವಿಪರೀತ ಏರಿತ್ತು. ಕಾರ್ಲ್ ಜೂನ್ ಅವರ ಸ್ವಂತ ಮಗಳಿಗೆ ಸಂಧಿವಾತ. ಹೀಗಾಗಿ ಐಎಲ್-6 ತಡೆಯುವ ಸಂಧಿವಾತದ ಔಷಧವೊಂದು ಅವರಿಗೆ ಗೊತ್ತಿತ್ತು. ಕೊಟ್ಟರು, ಎಮಿಲಿ ಕಣ್ಣು ತೆರೆದಳು. ವಿಜ್ಞಾನದ ಇತಿಹಾಸದಲ್ಲಿ ಅಪ್ಪನ ಚಿಂತೆಗೂ ಒಂದು ಪಾಲಿದೆ.

ಇದು ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊದಲ ಹಂತಕ್ಕೆ ಕಾತ್ರಜ ಡೇರಿಯ ಹೋಲಿಕೆ ಸಾಕು. ಹಾಲನ್ನು ಗಿರಗಿರ ತಿರುಗಿಸಿ ಕೆನೆ ಬೇರ್ಪಡಿಸುವ ತತ್ವದಲ್ಲೇ ಯಂತ್ರವೊಂದು ರೋಗಿಯ ರಕ್ತ ಎಳೆದು, ತಿರುಗಿಸಿ, ಬಿಳಿ ರಕ್ತಕಣಗಳ ಪದರವನ್ನಷ್ಟೇ ಚೀಲಕ್ಕಿಳಿಸಿ ಉಳಿದದ್ದನ್ನು ವಾಪಸು ಕಳಿಸುತ್ತದೆ. ಮೂರು-ನಾಲ್ಕು ತಾಸಿನ ಕೆಲಸ. ರಕ್ತ ಹೆಪ್ಪುಗಟ್ಟದಂತೆ ಬೆರೆಸುವ ಸಿಟ್ರೇಟು ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುವುದರಿಂದ ತುಟಿಯ ಸುತ್ತ ಜುಮುಜುಮು ಅನ್ನುತ್ತದೆ. ಆ ಚೀಲ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಟಿ ಕೋಶಗಳಿಗೆ ಹೊಸ ಜೀನು ಒಯ್ಯುವ ಹಮಾಲ ಲೆಂಟಿವೈರಸ್, ಏಡ್ಸ್ ತರುವ ಎಚ್‌ಐವಿಯನ್ನೇ ನಿರಾಯುಧ ಮಾಡಿ ತಯಾರಿಸಿದ್ದು! ಟಿ ಕೋಶದೊಳಗೆ ನುಗ್ಗುವ ವಿದ್ಯೆ ಅದಕ್ಕಿಂತ ಚೆನ್ನಾಗಿ ಯಾರಿಗೆ ಗೊತ್ತು? ಬದಲಾದ ಕೋಶಗಳನ್ನು ಬೆಳೆಸಿ, ತಪಾಸಿಸಿ, ದ್ರವ ಸಾರಜನಕದ ಚಳಿಯಲ್ಲಿ ಹೆಪ್ಪುಗಟ್ಟಿಸಿ ಮರಳಿ ಕಳಿಸುತ್ತಾರೆ. ಹಾಸಿಗೆಯ ಪಕ್ಕದಲ್ಲಿ ಡಬ್ಬ ತೆರೆದರೆ ಬಿಳಿ ಹೊಗೆ. ಒಳಗೆ ಅಂಗೈಯಗಲದ ಚೀಲ. ಬೆಚ್ಚನೆ ನೀರಿನಲ್ಲಿ ಕರಗಿಸಿ ನರಕ್ಕೇರಿಸಲು ಕೆಲವೇ ನಿಮಿಷ ಸಾಕು. ಕೋಶಗಳನ್ನು ಚಳಿಯಲ್ಲಿ ಕಾಪಾಡುವ ರಾಸಾಯನಿಕದಿಂದಾಗಿ ರೋಗಿಯ ಉಸಿರಿಗೆ ಒಂದೆರಡು ದಿನ ಬೆಳ್ಳುಳ್ಳಿಯ ವಾಸನೆ. ವಾರಗಟ್ಟಲೆ ಕಾದ ಮನೆಯವರು ‘ಇಷ್ಟೇನಾ?’ ಅಂದರೆ ತಪ್ಪಿಲ್ಲ. ಸಿನಿಮಾ ಶುರುವಾಗುವುದು ಆಮೇಲೆ, ಜ್ವರ ಏರಿದಾಗ.

ಭಾರತದಲ್ಲಿ ಈ ಕೆಲಸ ಮೊದಲು ಕೈಗೂಡಿದ್ದು ಕಾತ್ರಜದಿಂದ ಘಾಟಿಳಿದು ತಲುಪುವ ಮುಂಬಯಿಯಲ್ಲಿ. ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ಅವರ ಪ್ರಯೋಗಾಲಯ ವಿನ್ಯಾಸ ಮಾಡಿದ ಕೋಶಗಳನ್ನು ಟಾಟಾ ಸ್ಮಾರಕ ಕೇಂದ್ರದ ವೈದ್ಯರು 2021ರ ಜೂನ್ 4ರಂದು ಮೊದಲ ರೋಗಿಗೆ ಕೊಟ್ಟರು. 2023ರ ಅಕ್ಟೋಬರಿನಲ್ಲಿ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ ‘ನೆಕ್ಸ್‌ಕಾರ್19’ ಎಂಬ ಹೆಸರಿನಲ್ಲಿ ಅದಕ್ಕೆ ಪರವಾನಗಿ ಕೊಟ್ಟಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಲೋಕಾರ್ಪಣೆ ಮಾಡಿದರು. ಮರುವರ್ಷ ‘ಲ್ಯಾನ್ಸೆಟ್ ಹೆಮಟಾಲಜಿ’ಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಬೇರೆ ಮದ್ದುಗಳು ಸೋತ ರೋಗಿಗಳಲ್ಲಿ ನೂರಕ್ಕೆ 73 ಮಂದಿಯ ಕಾಯಿಲೆ ಇಳಿಮುಖವಾಯಿತು. 2017ರಲ್ಲಿ ಅಮೆರಿಕದ ಮೊದಲ ಕಾರ್-ಟಿಗೆ ಇಟ್ಟ ಬೆಲೆ 4,75,000 ಡಾಲರ್, ಅಂದಿನ ಲೆಕ್ಕದಲ್ಲಿ ಮೂರು ಕೋಟಿ. ಬಿಡುಗಡೆಯ ಹೊತ್ತಿಗೆ ಇಲ್ಲಿಯದು ಸುಮಾರು 40 ಲಕ್ಷ. ಪತ್ರಿಕೆಗಳು ಇದನ್ನು ಅಗ್ಗ ಎಂದು ಬರೆದವು. ಅಥಣಿಯ ಕಬ್ಬಿನ ಗದ್ದೆಯ ಲೆಕ್ಕದಲ್ಲಿ ನೋಡಿದರೆ ಆ ಪದ ಬಳಸಲು ನನಗೆ ಮನಸ್ಸಾಗದು.

ಅದೇ ಹೆದ್ದಾರಿಯಲ್ಲಿ ತಿರುಗಿ ಬೆಂಗಳೂರಿಗೆ ಹೋದರೆ, ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯ ಆವರಣದಲ್ಲಿ ಎರಡನೆಯದು ಸಿಗುತ್ತದೆ. ಕಿರಣ್ ಮಜುಂದಾರ್ ಶಾ, ಕ್ಯಾನ್ಸರಿನ ಚರಿತ್ರೆ ಬರೆದು ಹೆಸರಾದ ವೈದ್ಯ ಸಿದ್ಧಾರ್ಥ ಮುಖರ್ಜಿ ಮತ್ತು ಕುಶ್ ಪರ್ಮಾರ್ ಕಟ್ಟಿದ ಇಮ್ಯುನೀಲ್ ಸಂಸ್ಥೆ, ಸ್ಪೇನಿನ ಬಾರ್ಸಿಲೋನಾದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಹುಟ್ಟಿದ ಕಾರ್-ಟಿಯನ್ನು ಇಲ್ಲಿ ಬೆಳೆಸಿ 2025ರ ಜನವರಿಯಲ್ಲಿ ‘ಕಾರ್ಟೆಮಿ’ ಹೆಸರಿನಲ್ಲಿ ಬಿಡುಗಡೆ ಮಾಡಿತು. ಕನ್ನಡ ನಾಡಿನ ನೆಲದ ಮೇಲೆ ರೋಗಿಯದೇ ಕೋಶವನ್ನು ಮದ್ದಾಗಿಸುವ ಕಾರ್ಖಾನೆ ಇದೆ ಎನ್ನುವುದು ಸಣ್ಣ ಮಾತಲ್ಲ.

ಇನ್ನು ‘ಕ್ಯಾನ್ಸರ್ ಕಣ ಅಷ್ಟ’ ಎಂಬ ಮಾತು. ನೆಕ್ಸ್‌ಕಾರ್19, ಕಾರ್ಟೆಮಿ ಎರಡೂ ಓದುವ ಪಾಟಿಯ ಹೆಸರು ಸಿಡಿ19. ಅದು ಕ್ಯಾನ್ಸರಿನ ಪಾಟಿಯಲ್ಲ! ಪ್ರತಿಕಾಯ ತಯಾರಿಸುವ ಬಿ ಕೋಶಗಳ ಇಡೀ ಓಣಿಯ ಪಾಟಿ. ಆ ಓಣಿಯಲ್ಲಿ ಕೆಟ್ಟವರು ಸೇರಿಕೊಂಡಾಗ ರಕ್ತದ ಕ್ಯಾನ್ಸರೋ ಲಿಂಫೋಮವೋ ಆಗುತ್ತದೆ. ಕಾರ್-ಟಿ ಬಂದು ಓಣಿಯನ್ನೇ ಗುಡಿಸುತ್ತದೆ, ಒಳ್ಳೆಯವರು-ಕೆಟ್ಟವರು ನೋಡುವುದಿಲ್ಲ. ಆದರೂ ರೋಗಿ ಬದುಕುತ್ತಾನೆ. ಬಿ ಕೋಶಗಳಿಲ್ಲದೆ ಜೀವ ನಡೆಯುತ್ತದೆ, ಸೋಂಕಿನ ಭಯವಿದ್ದರೆ ಪ್ರತಿಕಾಯಗಳನ್ನು ಹೊರಗಿನಿಂದ ಏರಿಸಬಹುದು. ಈ ಚಿಕಿತ್ಸೆ ಗೆದ್ದದ್ದು ಕ್ಯಾನ್ಸರಿನ ವಿಳಾಸ ಸಿಕ್ಕಿದ್ದರಿಂದಲ್ಲ, ಕಳೆದುಕೊಂಡರೂ ನಡೆಯುವಂಥ ಓಣಿಯೊಂದು ಸಿಕ್ಕಿದ್ದರಿಂದ. ‘ಕ್ಯಾನ್ಸರನ್ನಷ್ಟೇ ಕೊಲ್ಲುವ’ ಎಂಬ ಶೀರ್ಷಿಕೆ ಕಂಡಾಗೆಲ್ಲ ನಾನು ಇದನ್ನು ನೆನೆಯುತ್ತೇನೆ.

ಓಣಿ ಬೇರೆಯಾದರೆ ಏನಾದೀತು? ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವೈದ್ಯರು 2010ರಲ್ಲಿ ಪ್ರಕಟಿಸಿದ ಒಂದು ಪ್ರಕರಣ ಹೇಳುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್ ಹರಡಿದ್ದ ರೋಗಿಗೆ ಹರ್2 ಎಂಬ ಪಾಟಿ ಓದುವ ಕೋಶಗಳನ್ನು ಕೊಟ್ಟರು. ಗಡ್ಡೆಯ ಮೇಲೆ ಆ ಪಾಟಿ ಇದ್ದದ್ದು ನಿಜ. ಆದರೆ ಶ್ವಾಸಕೋಶದ ಒಳಪದರದ ಕೋಶಗಳೂ ಅದೇ ಪಾಟಿಯನ್ನು ತೀರಾ ಸಣ್ಣ ಅಕ್ಷರದಲ್ಲಿ ಬರೆದುಕೊಂಡಿದ್ದವು. ಹದಿನೈದು ನಿಮಿಷದಲ್ಲಿ ಉಸಿರು ಕಟ್ಟಿತು, ಐದು ದಿನಕ್ಕೆ ಸಾವು. ಪ್ರತಿಕಾಯದ ಔಷಧ ಗಮನಿಸದೆ ಬಿಡುವ ಸಣ್ಣಕ್ಷರವನ್ನೂ ಕಾರ್-ಟಿ ಓದಿಬಿಡುತ್ತದೆ. ಬಾಯಿ, ಗಂಟಲು, ಸ್ತನ, ಗರ್ಭಕಂಠ, ಹೊಟ್ಟೆ, ಶ್ವಾಸಕೋಶ – ಗಡ್ಡೆಯಾಗಿ ಬರುವ ಕ್ಯಾನ್ಸರುಗಳ ಪಾಟಿ ಹೆಚ್ಚಾಗಿ ನಮಗೆ ಬೇಕೇಬೇಕಾದ ಓಣಿಗಳಲ್ಲೂ ಇರುತ್ತದೆ. 2022ರಲ್ಲಿ ಭಾರತದಲ್ಲಿ ಹೊಸದಾಗಿ ಕ್ಯಾನ್ಸರಾದವರು ಸುಮಾರು 14.6 ಲಕ್ಷ ಎಂದು ರಾಷ್ಟ್ರೀಯ ನೋಂದಣಿಯ ಅಂದಾಜು. ಅವರಲ್ಲಿ ಬಹುಪಾಲಿನವರ ಕಾಯಿಲೆ ಗಡ್ಡೆಯದ್ದೇ.

ಗಡ್ಡೆಯ ಪಾಟಿ ಹುಡುಕುವವರು ಕೈಚೆಲ್ಲಿಲ್ಲ. ಜಠರದ ಕೋಶಗಳ ಸಂದಿಯಲ್ಲಿ ಅಡಗಿರುವ ಕ್ಲಾಡಿನ್ 18.2 ಎಂಬ ಪ್ರೋಟೀನು ಕ್ಯಾನ್ಸರಾದಾಗ ಸಂದಿ ಸಡಿಲಗೊಂಡು ಹೊರಗೆ ಕಾಣುತ್ತದೆ. ಚೀನಾದವರು ಅದನ್ನು ಓದುವ ಕಾರ್-ಟಿ ಮಾಡಿ 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಯಿಲೆ ಮತ್ತೆ ಬೆಳೆಯದೆ ನಿಂತ ಅವಧಿ ಬೇರೆ ಔಷಧಗಳಲ್ಲಿ ಎರಡು ತಿಂಗಳಿಗೂ ಕಡಿಮೆ, ಇದರಲ್ಲಿ ಮೂರು ತಿಂಗಳಿಗಿಂತ ಸ್ವಲ್ಪ ಹೆಚ್ಚು. ಗೆಲುವು ಹೌದು, ಸಂಭ್ರಮಿಸುವಷ್ಟಲ್ಲ. ಎರಡು ಪಾಟಿ ಒಟ್ಟಿಗಿದ್ದರಷ್ಟೇ ಏಟು ಹಾಕುವ, ಒಳ್ಳೆಯವರ ಪಾಟಿ ಕಂಡರೆ ಕೈ ತಡೆಯುವ ಕೋಶಗಳೂ ಪ್ರಯೋಗದಲ್ಲಿವೆ. ಶಿಫ್‌ಮನ್ ಆನೆಯ ಪಿ53ಯನ್ನೇ ನ್ಯಾನೊಕಣಗಳಲ್ಲಿ ಗಡ್ಡೆಗೆ ಮುಟ್ಟಿಸಲು ‘ಪೀಲ್’ ಎಂಬ ಕಂಪನಿ ಕಟ್ಟಿದ್ದಾರೆ. ಹೀಬ್ರೂ ಭಾಷೆಯಲ್ಲಿ ಆ ಸದ್ದಿಗೆ ಆನೆ ಎಂದೇ ಅರ್ಥ. ಆನೆಲಾಯಕ್ಕೆ ಪೀಲಖಾನೆ ಎನ್ನುವ ಹಳೆಯ ಮಾತು ಬಲ್ಲವರ ಕಿವಿ ನಿಮಿರೀತು.

ಕ್ಯಾನ್ಸರೂ ಪಾಟಿ ಬದಲಿಸುತ್ತದೆ, ಕಿತ್ತೂ ಎಸೆಯುತ್ತದೆ. 2018ರಲ್ಲಿ ವರದಿಯಾದ ಒಂದು ಪ್ರಕರಣ ನನ್ನ ತಲೆಯಿಂದ ಹೋಗುವುದಿಲ್ಲ. ಕಾರ್ಖಾನೆಯಲ್ಲಿ ಟಿ ಕೋಶಗಳ ಜೊತೆ ಒಂದೇ ಒಂದು ಕ್ಯಾನ್ಸರ್ ಕೋಶ ಉಳಿದುಕೊಂಡಿತ್ತು. ಅದಕ್ಕೂ ಹೊಸ ಜೀನು ಹೊಕ್ಕಿತು. ಆ ಜೀನಿನ ಕಣ್ಣು ತನ್ನದೇ ಕೋಶದ ಪಾಟಿಗೆ ಅಂಟಿಕೊಂಡು ಅದನ್ನು ಮುಚ್ಚಿಬಿಟ್ಟಿತು. ಉಳಿದ ಟಿ ಕೋಶಗಳಿಗೆ ಆ ಕೋಶ ಕಾಣಲಿಲ್ಲ. ಆ ಒಂದರಿಂದಲೇ ಕಾಯಿಲೆ ಮರಳಿ ರೋಗಿಯನ್ನು ಒಯ್ದಿತು.

ಅಥಣಿಯ ಹಿರಿಯರಿಗೆ ರಿಕ್ಷಾದ ಗಡಿಬಿಡಿಯಲ್ಲಿ ಹೇಳದೆ ಉಳಿದದ್ದು ಇಷ್ಟು. ನೆಕ್ಸ್‌ಕಾರ್19 ಮತ್ತು ಕಾರ್ಟೆಮಿ ಬಿ ಕೋಶಗಳ ಕ್ಯಾನ್ಸರುಗಳಿಗೆ, ಅದೂ ಬೇರೆ ಚಿಕಿತ್ಸೆ ಸೋತಾಗ ಅಥವಾ ಕಾಯಿಲೆ ಮರುಕಳಿಸಿದಾಗ. ನಿಮ್ಮ ತಮ್ಮನ ಗಂಟಲಿಗೆ ಇವತ್ತು ಶಸ್ತ್ರಚಿಕಿತ್ಸೆ, ರೇಡಿಯೇಷನ್, ಕೀಮೋಗಳೇ ಮುಖ್ಯ ಮದ್ದು. ತಡಮಾಡದೆ ಹೋದರೆ ಅವು ಗುಣಪಡಿಸಬಲ್ಲವು. ಯಾರಾದರೂ ಗಡ್ಡೆಗೆ ಜೀನ್ ಇಂಜೆಕ್ಷನ್ ಕೊಡುತ್ತೇವೆ, ದುಡ್ಡು ಕಟ್ಟಿ ಅಂದರೆ, ಔಷಧ ನಿಯಂತ್ರಣ ಸಂಸ್ಥೆಯ ಪರವಾನಗಿ ಪತ್ರ ತೋರಿಸಿ ಅನ್ನಿ. ‘ಇದಿನ್ನೂ ಪ್ರಯೋಗ’ ಅಂದರೆ ಅದಕ್ಕೆ ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಣಿ ಸಂಖ್ಯೆ ಇರಲೇಬೇಕು. ಎರಡರಲ್ಲಿ ಒಂದನ್ನೂ ತೋರಿಸದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.